ಕೆಂಗೇರಿಯಾಚೆ ಚೌಕಾಸಿಯ ಪಾಠಕ್ಕೆ ಹೋಗಿಬಂದದ್ದು

ಬೆಳಗ್ಗೆ ಏಳೂಕಾಲಿಗೆ ಗೋವಿಂದರಾಜನಗರದ ನಮ್ಮ ರಸ್ತೆಯಿಂದ ಹೊರಟೆವು, ನಾನು ಮತ್ತು ರತ್ನ. ಅವಳ ಕೈಯಲ್ಲಿ ಒಂದು ಪುಟ್ಟ ಪರ್ಸು. ನನ್ನ ಎರಡೂ ಕೈಯಲ್ಲಿ ಹತ್ತಿ ಸೀರೆ ತುಂಬಿದ ಚೀಲಗಳು. ಆ ದಿನದ ಪ್ರಯಾಣದಲ್ಲಿ ಯಾರು ಯಜಮಾನಿ, ಯಾರು ಜೊತೆಗೆ ಬಂದವರು ಎಂದು ಬೀದಿಯವರಿಗೆಲ್ಲ ತಿಳಿಯಲು ಅಷ್ಟು ಸಾಕಾಗಿತ್ತು.

ನಮ್ಮಿಬ್ಬರದೂ ಒಂದೇ ರಸ್ತೆಯಲ್ಲಿ ಸೀರೆ ಅಂಗಡಿ. ನನ್ನದು ಇಪ್ಪತ್ತಾರು ವರ್ಷ ಹಳೆಯದು, ಅವಳದು ಹದಿನಾಲ್ಕು. ಚಿಕ್ಕಪೇಟೆಯ ಸಗಟು ಅಂಗಡಿಯ ಮೆಟ್ಟಿಲನ್ನು ಅವಳಿಗೆ ಮೊದಲು ಹತ್ತಿಸಿದವಳು ನಾನು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವುದು, ಇಷ್ಟವಾದದ್ದನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟುವುದು, ಬೆಲೆ ಕೇಳಿ ಮೆಲ್ಲಗೆ ನಗುವುದು, ಎಲ್ಲ ನಾನು ಹೇಳಿಕೊಟ್ಟದ್ದು. ಈಗ ನೋಡಿದರೆ ಕೆಂಗೇರಿಯಾಚೆಯ ಒಂದು ವಿಶ್ವವಿದ್ಯಾಲಯದವರು ಚೌಕಾಸಿ ಕಲಿಸಲು ಅವಳನ್ನು ಕರೆದಿದ್ದರು. ಅಲ್ಲಿ ವರ್ಷಕ್ಕೆ ಎರಡು ಸಲ ಮಾಮೂಲಿ ತರಗತಿಗಳನ್ನೆಲ್ಲ ಒಂದು ವಾರ ನಿಲ್ಲಿಸಿ, ಮಕ್ಕಳು ತಮಗೆ ಬೇಕಾದ ಕಸುಬನ್ನೋ ಉಪನ್ಯಾಸವನ್ನೋ ಆರಿಸಿಕೊಳ್ಳುವ ಏರ್ಪಾಡು. ಅದನ್ನು ನೋಡಿಕೊಳ್ಳುವ ಶ್ರುತಿ ಮೇಡಂ ರತ್ನನ ಗಿರಾಕಿ. ಮೊದಲು ಅವರು ನನ್ನ ಅಂಗಡಿಗೇ ಬಂದಿದ್ದರಂತೆ. ನಾನು ಐವತ್ತು ರೂಪಾಯಿ ಬಿಡಲಿಲ್ಲವಂತೆ. ಇದನ್ನು ರತ್ನ ನಗುತ್ತಾ ಹೇಳಿದಳು. ಅಂಗಡಿ ಇಟ್ಟವರು ಇದರಿಂದ ಏನಾದರೂ ಕಲಿಯುವುದಿದ್ದರೆ ಕಲಿಯಲಿ ಎಂದು ಬರೆದಿದ್ದೇನೆ.

ನನ್ನನ್ನು ಕರೆದದ್ದು ಪಾಠಕ್ಕಲ್ಲ, ಗಿರಾಕಿಯ ವೇಷಕ್ಕೆ. "ಅಕ್ಕ, ಮಾರೋಳು ನಾನಾದ್ರೆ ಕೊಳ್ಳೋರು ಒಬ್ರು ಬೇಕಲ್ವಾ? ನಿಮ್ಮಷ್ಟು ಚೆನ್ನಾಗಿ ಯಾರು ಕೇಳ್ತಾರೆ?" ಎಂದಿದ್ದಳು. ನಾನು ಒಪ್ಪಿದ್ದಕ್ಕೆ ಬೇರೆ ಕಾರಣವಿತ್ತು. ಈ ಸಲ ಒಂದೇ ಬೆಳಗ್ಗೆ, ಚೆನ್ನಾಗಿ ನಡೆದರೆ ಮುಂದಿನ ಸೆಮಿಸ್ಟರಿಗೆ ಐದು ಬೆಳಗ್ಗೆಯ ಪೂರ್ತಿ ಪಾಠ ಎಂದು ಮೇಡಂ ಹೇಳಿದ್ದರು. ಆ ಐದು ಬೆಳಗ್ಗೆ ನನಗೆ ಬೇಕಿತ್ತು. ಮೇಡಂ ಒಮ್ಮೆ ನನ್ನ ಕೈಚಳಕ ನೋಡಿದರೆ ಸಾಕು ಎಂದುಕೊಂಡಿದ್ದೆ.

ಬಸ್ಸಿನಲ್ಲಿ ಹೋಗಿದ್ದರೆ ಹೆಂಗಸರಿಗೆ ಟಿಕೆಟ್ಟೇ ಇಲ್ಲ. ರತ್ನ ಕೇಳಲಿಲ್ಲ, ಸೀರೆ ಮುದುರುತ್ತದೆ ಎಂದು ವಿಜಯನಗರದಲ್ಲಿ ಮೆಟ್ರೋ ಹತ್ತಿಸಿದಳು. ನಿಮಗೊಂದು ಮಾತು: ಮೆಟ್ರೋಗೆ ದೊಡ್ಡ ಗಂಟು ತರಬೇಡಿ, ಎರಡು ಚೀಲ ಮಾಡಿ. ಬಾಗಿಲಲ್ಲಿ ತಪಾಸಣೆಗೆ ನಿಂತ ಹುಡುಗಿ ಚೀಲ ತೆಗೆಸಿ ನೋಡಿ, "ಆಂಟಿ, ಈ ಹಸಿರು ಸೀರೆ ಎಷ್ಟು?" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ರತ್ನ ತನ್ನ ಅಂಗಡಿಯ ಕಾರ್ಡು ಕೊಟ್ಟಾಗಿತ್ತು.

ರೈಲಿನಲ್ಲಿ ಸೀಟು ಸಿಕ್ಕಿತು. ನಾಯಂಡಹಳ್ಳಿ ದಾಟಿದ ಮೇಲೆ ಮೋಡ ಕವಿದುಕೊಂಡು ಆಷಾಢದ ಗಾಳಿಗೆ ಹೊರಗಿನ ಮರಗಳೆಲ್ಲ ಒಂದೇ ಕಡೆ ಬಾಗಿದ್ದವು. ರತ್ನ ತುಟಿ ಅಲ್ಲಾಡಿಸುತ್ತಾ ಏನೋ ಬಾಯಿಪಾಠ ಮಾಡುತ್ತಿದ್ದಳು.

"ಭಯಾನಾ?" ಎಂದೆ.

"ಹೂಂ ಅಕ್ಕ, ಮೊದಲನೇ ಮಾತೇ ಮರೆತು ಹೋಗ್ತಾ ಇದೆ."

"ಹಾಗಿದ್ರೆ ನಾನು ಮಾತಾಡ್ಲಾ?"

"ಅಷ್ಟೊಂದು ಭಯ ಇಲ್ಲ ಬಿಡಿ," ಎಂದು ಮತ್ತೆ ತುಟಿ ಅಲ್ಲಾಡಿಸಿದಳು.

ಕೆಂಗೇರಿಯಲ್ಲಿ ಇಳಿದು ತಲಾ ಎರಡು ಇಡ್ಲಿ, ಅರ್ಧರ್ಧ ಕಾಫಿ. ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಆಟೋ ನೂರೈವತ್ತು ಎಂದ. ನಾನು ಎಂಬತ್ತು ಎಂದು ನಡೆಯಲು ಶುರುಮಾಡಿದೆ. ಆರನೇ ಹೆಜ್ಜೆಗೆ, "ಬನ್ನಿ ಅಮ್ಮ, ನೂರು ಕೊಡಿ," ಎಂದು ಕೂಗಿದ. ನೀವು ಹೋದರೆ ನೂರಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಬೇಡಿ.

ಕ್ಯಾಂಪಸ್ಸು ದೊಡ್ಡದು, ನೆರಳು ಹೆಚ್ಚು, ಕೂರುವ ಕಲ್ಲುಬೆಂಚು ಕಡಿಮೆ. ಬಾಗಿಲ ಬಳಿ ಆ ವಾರದ ಪಟ್ಟಿ ಅಂಟಿಸಿದ್ದರು: ಸೈಕಲ್ ರಿಪೇರಿ ಮೂರು ದಿನ, ಮಡಕೆ ಮಾಡುವುದು ಎರಡು ದಿನ, ವಿಮೆಯ ಬಗ್ಗೆ ಒಂದು ಉಪನ್ಯಾಸ. ಅದರ ಕೆಳಗೆ "ಚೌಕಾಸಿ: ಶ್ರೀಮತಿ ರತ್ನ, ವ್ಯಾಪಾರ ತಜ್ಞೆ". ತಜ್ಞೆ ಎಂಬಲ್ಲಿ ನನ್ನ ಕಣ್ಣು ನಿಂತಿತು. ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದೆ. ಗಿರಾಕಿಯ ಹೆಸರು ಎಲ್ಲೂ ಇರಲಿಲ್ಲ. ರತ್ನ ಆ ಪಟ್ಟಿಯ ಪಕ್ಕ ನಿಂತು, "ಅಕ್ಕ, ಒಂದು ಫೋಟೋ ತೆಗೀರಿ," ಎಂದಳು. ತೆಗೆದೆ. ಅವಳ ತಲೆ ಅರ್ಧ ಕತ್ತರಿಸಿಹೋಗುವ ಹಾಗೆ ತೆಗೆದೆ ಎಂದು ಒಪ್ಪಿಕೊಳ್ಳುತ್ತೇನೆ.

ಒಂಬತ್ತೂವರೆಗೆ ಪಾಠ. ಮೂವತ್ತು ಮಕ್ಕಳಿದ್ದರು. ಮೇಜಿನ ಮೇಲೆ ಜಮಖಾನ ಹಾಸಿ ರತ್ನ ಸೀರೆ ಹರಡಿದಳು. ಹತ್ತು ನಿಮಿಷ ಮಾತಾಡಿದಳು, ಧ್ವನಿ ನಡುಗುತ್ತಿತ್ತು. ಆಮೇಲೆ ನನ್ನನ್ನು ಕರೆದಳು. ಹಸಿರು ಸೀರೆಯನ್ನು ಎತ್ತಿಕೊಂಡೆ.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಸೀರೆಯನ್ನು ಸೋಮವಾರ ಚಿಕ್ಕಪೇಟೆಯಲ್ಲಿ ನಾವಿಬ್ಬರೂ ಒಟ್ಟಿಗೇ ತಂದದ್ದು. ಅಸಲು ನಾನೂರ ಇಪ್ಪತ್ತು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ನಮ್ಮ ವ್ಯಾಪಾರದಲ್ಲಿ ಬರೆಯದ ಒಂದು ನಿಯಮವಿದೆ. ಅಸಲು ತಿಳಿದವರು ಅಸಲಿಗಿಂತ ಕೆಳಗೆ ಕೇಳಬಾರದು. ಗಿರಾಕಿ ಕೇಳಬಹುದು, ಪಾಪ, ಅವರಿಗೆ ಗೊತ್ತಿಲ್ಲ. ನಾವು ಕೇಳಿದರೆ ಅದು ಮುಖಕ್ಕೆ ಉಗುಳಿದ ಹಾಗೆ.

ರತ್ನ ಒಂಬೈನೂರು ಎಂದಳು.

"ಮುನ್ನೂರು," ಎಂದೆ.

ಮಕ್ಕಳು ಗೊಳ್ಳೆಂದು ನಕ್ಕರು. ರತ್ನ ನಗಲಿಲ್ಲ. ಒಂದು ಗಳಿಗೆ ನನ್ನನ್ನು ನೋಡಿ, "ಏಳ್ನೂರು ಮಾಡ್ಕೊಡ್ತೀನಿ ಅಕ್ಕ, ಬೋಣಿ ಟೈಮು," ಎಂದಳು. ದಿನದ ಮೊದಲ ಗಿರಾಕಿಯನ್ನು ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ, ಅದು ನನ್ನ ಬಲ. "ಮುನ್ನೂರು," ಎಂದೆ. ಆರುನೂರಕ್ಕೆ ಬಂದಳು, ಐನೂರಕ್ಕೆ ಬಂದಳು. ನಾನು ಕದಲಲಿಲ್ಲ. ಶ್ರುತಿ ಮೇಡಂ ಮುಂದಕ್ಕೆ ಬಾಗಿ ನೋಡುತ್ತಿದ್ದರು. ನನ್ನ ಸಮಯ ಬಂತೆಂದು ಮಕ್ಕಳ ಕಡೆ ತಿರುಗಿದೆ.

"ನೋಡ್ಕೊಳ್ಳಿ ಮಕ್ಕಳೇ, ಇನ್ನು ಎದ್ದು ಹೋಗೋದು. ಹಿಂದೆ ತಿರುಗಿ ನೋಡಬಾರದು. ಬಾಗಿಲು ದಾಟೋದ್ರೊಳಗೆ ಅವರೇ ಕರೀತಾರೆ."

ಸೆರಗು ಸರಿಮಾಡಿಕೊಂಡು ನಡೆದೆ. ಮೊದಲ ಸಾಲು ದಾಟಿತು, ಕೊನೆಯ ಸಾಲೂ ದಾಟಿತು, ಬಾಗಿಲು ಬಂತು. ಹೊಸ್ತಿಲ ಮೇಲೆ ಒಂದು ಕ್ಷಣ ಚಪ್ಪಲಿ ಸರಿಮಾಡುವ ಹಾಗೆ ನಿಂತೆ. ಯಾರೂ ಕರೆಯಲಿಲ್ಲ. ಹೊರಗೆ ಕಾಲಿಟ್ಟೆ. ಕಾರಿಡಾರಿನಲ್ಲಿ ಗೋಡೆಗೆ ಒರಗಿಸಿಟ್ಟ ಒಂದು ಸೈಕಲ್ ಬಿಟ್ಟರೆ ಇನ್ನೇನೂ ಇರಲಿಲ್ಲ.

ಚೌಕಾಸಿ ಮಾಡುವವರಿಗೆ ಗೊತ್ತು, ಎದ್ದು ಹೋದ ಮೇಲೆ ತಾನಾಗಿ ವಾಪಸ್ಸು ಹೋದರೆ ಅಲ್ಲಿಗೆ ಮರ್ಯಾದೆ ಮುಗಿಯಿತು. ಹಾಗಾಗಿ ನಿಂತೆ. ಒಳಗಿಂದ ಒಬ್ಬ ಹುಡುಗ ಕೂಗಿದ್ದು ಕೇಳಿಸಿತು: "ಮೇಡಂ, ಕರೀರಿ, ಗಿರಾಕಿ ಹೋಗೇಬಿಟ್ರು!"

"ಹೋಗ್ಲಿ ಬಿಡಪ್ಪ," ಎಂದಳು ರತ್ನ. ಧ್ವನಿ ಈಗ ನಡುಗುತ್ತಿರಲಿಲ್ಲ. "ಗಿಟ್ಟದ ಬೆಲೆಗೆ ಕರೆದು ಕೊಟ್ರೆ ಇವತ್ತು ಬೋಣಿ ಆಗುತ್ತೆ, ನಾಳೆ ಅಂಗಡಿ ಇರಲ್ಲ. ಕರೆಯೋದು ಸುಲಭ ಕಣ್ರೋ. ನಾಲಿಗೆ ತುದಿಗೆ ಬಂದಿದ್ದನ್ನ ತಡ್ಕೊಂಡು ಸುಮ್ನಿರೋದು ಕಲೀರಿ. ಅದಕ್ಕೆ ನಂಗೆ ಹತ್ತು ವರ್ಷ ಬೇಕಾಯ್ತು."

ಇದನ್ನು ನಾನು ಕಲಿಸಿರಲಿಲ್ಲ. ನನಗೇ ಬರುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ಬಾಗಿಲು ದಾಟಿದ ಗಿರಾಕಿಯನ್ನು ನಾನು ಕೂಗದೆ ಬಿಟ್ಟದ್ದೇ ಇಲ್ಲ, ಆ ಸಂಕಟಕ್ಕೆ ಎಷ್ಟೋ ಸೀರೆಯನ್ನು ಅಸಲಿಗೇ ಕೊಟ್ಟಿದ್ದೇನೆ. ಪಟ್ಟಿಯಲ್ಲಿ ಅವಳ ಹೆಸರು ನೋಡಿದಾಗ ಆದ ಹೊಟ್ಟೆಯುರಿ ಇದರ ಮುಂದೆ ಏನೂ ಅಲ್ಲ.

ಒಬ್ಬ ಹುಡುಗಿ ಹೊರಗೆ ಬಂದಳು. "ಆಂಟಿ, ಇನ್ನೂ ಇಲ್ಲೇ ಇದೀರಾ?"

"ಕರೆದ್ರಾ?"

"ಇಲ್ಲ ಆಂಟಿ, ನಾನು ಬಾತ್‌ರೂಮಿಗೆ ಹೋಗ್ತಿದೀನಿ."

ಪಕ್ಕದ ಕೋಣೆಗೆ ಇಣುಕಿದೆ. ವಿಮೆಯ ಉಪನ್ಯಾಸಕ್ಕೆ ಆರೇ ಜನ, ಅದರಲ್ಲಿ ಇಬ್ಬರು ನಿದ್ದೆ. ನಮ್ಮದರಲ್ಲಿ ಮೂವತ್ತು ಎಂದು ಒಂದು ಕ್ಷಣ ಬೀಗಿದೆ. ನಮ್ಮದು ಎಂದುಕೊಂಡದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಹತ್ತು ನಿಮಿಷವಾಯಿತು, ಕಾಲು ನೋಯತೊಡಗಿತು. ಕೊನೆಗೆ ಆ ಹುಡುಗಿ ವಾಪಸ್ಸು ಬಂದಾಗ ಅವಳ ಬೆನ್ನ ಹಿಂದೆಯೇ ಹಿಂಬಾಗಿಲಿನಿಂದ ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ರತ್ನ ಒಮ್ಮೆ ನೋಡಿ ಮಕ್ಕಳ ಕಡೆ ತಿರುಗಿದಳು. ಮಕ್ಕಳು ಇಬ್ಬಿಬ್ಬರಾಗಿ ಮಾರುವುದು, ಕೊಳ್ಳುವುದು ಮಾಡುತ್ತಿದ್ದರು. ಪಕ್ಕದ ಹುಡುಗ ತೀರ ಬೇಗ ಬೆಲೆ ಇಳಿಸುತ್ತಿದ್ದ. ತಡೆಯಲಾರದೆ, "ಐವತ್ತೈವತ್ತು ಇಳಿಸಬೇಡ ಕಣೋ, ಮೊದಲು ಐವತ್ತು, ಆಮೇಲೆ ಇಪ್ಪತ್ತು, ಆಮೇಲೆ ಹತ್ತು," ಎಂದೆ. "ಥ್ಯಾಂಕ್ಸ್ ಆಂಟಿ," ಎಂದು ಬರೆದುಕೊಂಡ. ಇಡೀ ಬೆಳಗ್ಗೆ ನನ್ನ ಮಾತನ್ನು ಬರೆದುಕೊಂಡವನು ಅವನೊಬ್ಬನೇ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅನ್ನ, ಹುರುಳಿಕಾಳು ಸಾರು, ಐವತ್ತು ರೂಪಾಯಿ; ಸಾರು ಚೆನ್ನಾಗಿತ್ತು, ಅನ್ನ ತಣ್ಣಗಿತ್ತು. ಜೊತೆಗೆ ಕೂತಿದ್ದ ಶ್ರುತಿ ಮೇಡಂ ಕೈ ತೊಳೆಯಲು ಹೋದಾಗ ರತ್ನನನ್ನು ಕೇಳಿದೆ: "ಯಾಕೆ ಕರೀಲಿಲ್ಲ?"

"ಮುನ್ನೂರಕ್ಕೆ ಗಿಟ್ಟಲ್ಲ ಅಕ್ಕ," ಎಂದಳು ತಲೆಯೆತ್ತದೆ. "ನಿಮಗೆ ಗೊತ್ತಿದ್ದೂ ಕೇಳಿದ್ರಿ."

ನಾನು ಸಾರು ಕಲಸಿದೆ.

ಮೇಡಂ ಮುಂದಿನ ಸೆಮಿಸ್ಟರಿನ ಹಾಳೆ ಹಿಡಿದು ಬಂದರು. ಐದು ಬೆಳಗ್ಗೆ. ಮೇಲೆ ಪಾಠ ಮಾಡುವವರ ಹೆಸರು, ಅದರ ಕೆಳಗೆ ಸಹಾಯಕರ ಹೆಸರು. "ಮೊದಲನೇದು ಯಾರದು ಬರೀತೀರೋ ನೀವೇ ಮಾತಾಡ್ಕೊಳ್ಳಿ," ಎಂದು ನಮ್ಮಿಬ್ಬರ ನಡುವೆ ಪೆನ್ನು ಇಟ್ಟರು. ನಾನು ಕೈ ಚಾಚುವ ಮೊದಲೇ ರತ್ನ ತೆಗೆದುಕೊಂಡಳು. ಒಂದೊಂದೇ ಅಕ್ಷರವನ್ನು ತಿದ್ದಿ ತನ್ನ ಹೆಸರು ಬರೆದಳು. ನನ್ನ ಮುಖ ನೋಡಲಿಲ್ಲ, ದಾಕ್ಷಿಣ್ಯ ಮಾಡಲಿಲ್ಲ. ನಾನಾಗಿದ್ದರೂ ಮಾಡುತ್ತಿರಲಿಲ್ಲ. ಆಮೇಲೆ ಪೆನ್ನನ್ನು ಎರಡನೇ ಸಾಲಿನ ಮೇಲೆ ಹಿಡಿದು ಕೇಳಿದಳು:

"ಅಕ್ಕ, ಇಲ್ಲಿ?"

ನೋಡೋಣ ಎನ್ನಬೇಕು. ಕ್ಯಾಲೆಂಡರ್ ನೋಡಿ ಹೇಳ್ತೀನಿ ಎನ್ನಬೇಕು. ಬೇಕೆನಿಸಿದ್ದನ್ನು ಬೇಕು ಎಂದು ತೋರಿಸಬಾರದು, ಇದನ್ನು ನಾನು ಊರಿಗೆಲ್ಲ ಹೇಳಿಕೊಂಡು ಬಂದವಳು.

"ಗೌರಮ್ಮ ಅಂತ ಬರಿ," ಎಂದೆ. "ಇನಿಶಿಯಲ್ಲೂ ಹಾಕು. ನಿನ್ನ ಹೆಸರಿಗೆ ಹಾಕಿಲ್ಲ."

ಹಾಕಿದಳು. ಅದನ್ನು ನೋಡಿ ತನ್ನ ಹೆಸರಿನ ಮುಂದೆಯೂ ಎರಡು ಹಾಕಿಕೊಂಡಳು.

ಮಳೆ ಹನಿಯುತ್ತಿತ್ತು. ರೈಲು ಕೆಂಗೇರಿ ಬಿಡುವಾಗ ಕಿಟಕಿಯಿಂದ ನೋಡಿದೆ; ಕ್ಯಾಂಪಸ್ಸು ಅಲ್ಲಿಂದ ಕಾಣುವುದಿಲ್ಲ, ಕಂಡದ್ದು ಅತ್ತ ಹೋಗುವ ರಸ್ತೆ, ಕೊಡೆ ಹಿಡಿದ ನಾಲ್ಕು ಜನ. ಆ ರಸ್ತೆಯಲ್ಲಿ ಇನ್ನು ಐದು ಬೆಳಗ್ಗೆ ಅವಳು ಮುಂದೆ, ನಾನು ಹಿಂದೆ. ಹೊಟ್ಟೆ ಉರಿಯುತ್ತಲೇ ಇತ್ತು. ಆದರೂ ಪಟ್ಟಣಗೆರೆ ಬರುವಷ್ಟರಲ್ಲಿ, ಆ ಐದು ದಿನಕ್ಕೆ ಯಾವ ಸೀರೆ ಉಡುವುದೆಂದು ನಾನು ಲೆಕ್ಕ ಹಾಕತೊಡಗಿದ್ದೆ.