ಮಾದಯ್ಯ ತೋಡಿದ ಗುಂಡಿ

ಹೆಣವನ್ನು ‘ಕೂರಿಸಿದ್ದು’ ಎಂಬ ಮಾತನ್ನು ಮೊದಲು ಆಡಿದವರು ಮಾದಯ್ಯನವರ ಮೊಮ್ಮಗ ಸಿದ್ದರಾಜುವೋ ನಾನೋ ಎಂಬುದು ಈಗಲೂ ಖಚಿತವಿಲ್ಲ. ನೆನಪಿನಲ್ಲಿ ಅವರೇ ಆಡುತ್ತಾರೆ, ನಾನು ತಲೆದೂಗುತ್ತೇನೆ. ಚಿತ್ರ ತೀರಾ ಅಚ್ಚುಕಟ್ಟಾಗಿದೆ. ಅದಕ್ಕೇ ಅನುಮಾನ.

ಅದು 2017, ಅದರ ಹಿಂದಿನ ವರ್ಷವೂ ಇರಬಹುದು. ಮಾಜಿ ಸೈನಿಕರ ಕುಟುಂಬಗಳ ಅರ್ಜಿ ನೋಡುವ ಮೈಸೂರಿನ ಕಚೇರಿಯೊಂದರಲ್ಲಿ ನಾನಿದ್ದೆ. ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳು ನನ್ನ ಪಾಲಿನವು. ಬರುವವರೆಲ್ಲ ಪಿಂಚಣಿ ಕೇಳುತ್ತಿದ್ದರು. ಹುಲ್ಲಹಳ್ಳಿಯ ಗೌರಮ್ಮ ಮಾತ್ರ ತಂದೆಯ ಸಮಾಧಿಯ ಒಂದು ಬೊಗಸೆ ಮಣ್ಣು ಕೇಳಿದರು.

ತಂದೆ ಶಿವನಂಜಪ್ಪ ಎರಡನೇ ಮಹಾಯುದ್ಧದಲ್ಲಿ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುವ ದಳಕ್ಕೆ ಸೇರಿ, ಬರ್ಮಾ ಗಡಿಯಲ್ಲಿ ಜ್ವರದಿಂದ ತೀರಿಕೊಂಡವರು. ಗೌರಮ್ಮ ಆಗ ಕೈಗೂಸು. ಮುಂದೆ ತಾಯಿ ತೀರಿದಾಗ ಸ್ವಂತ ಹೊಲದಲ್ಲಿ ಸಮಾಧಿ ಮಾಡಿ, ಪಕ್ಕದಲ್ಲಿ ಶಿವನಂಜಪ್ಪನವರಿಗೆಂದು ಜಾಗ ಬಿಟ್ಟಿದ್ದರು. ಎಪ್ಪತ್ತು ದಾಟಿದ ಮಗಳಿಗೆ ತಾನು ಹೋಗುವ ಮೊದಲು ಆ ಜಾಗ ತುಂಬಬೇಕಿತ್ತು.

ಯುದ್ಧ ಸಮಾಧಿಗಳ ದಾಖಲೆ ಇಟ್ಟವರಿಗೆ ಬರೆದೆ. ಶಿವನಂಜಪ್ಪ, ಹಿಂದೂ, ದಹನ, ಸ್ಮಾರಕದ ಗೋಡೆಯಲ್ಲಿ ಹೆಸರಿದೆ ಎಂದು ಉತ್ತರ ಬಂತು. ಗೌರಮ್ಮನವರಿಗೆ ಓದಿ ಹೇಳಿದೆ.

“ಸುಟ್ಟಾಕ್‌ಬುಟ್ರಾ?” ಎಂದು ಕೇಳಿದರು. ಸೆರಗು ಸರಿಮಾಡಿಕೊಂಡು, “ಅದೆಂಗಾದದಪ್ಪ? ನಾವು ಲಿಂಗ ಕಟ್ಟೋ ಜನ. ನಮ್ಮೋರ್ನ ಕೂರ್ಸಿ ಮಣ್ಣು ಮಾಡದು. ಅದ್ನ ಬರ್ದೋನು ಯಾವನು? ಕರೀರಿ ಇಲ್ಗೆ” ಎಂದರು.

ಬರೆದವನ ಹೆಸರೂ ಯಾರಿಗೂ ತಿಳಿಯದು. ಆದರೆ ಅವರ ಪ್ರಶ್ನೆ ಸರಿಯಾಗಿತ್ತು. ಗಡಿಯ ಶಿಬಿರದಲ್ಲಿ ಸತ್ತವನು ಹಿಂದೂ ಎಂದರೆ ಸಾಮಾನ್ಯವಾಗಿ ದಹನವೆಂದೇ ಬರೆಯುತ್ತಿದ್ದರು. ಹಿಂದೂ ಎಂದು ಬರೆಸಿಯೂ ಹೂಳುವ, ಅದರಲ್ಲೂ ಕೂರಿಸಿ ಹೂಳುವ ಜನ ಮೈಸೂರು ಸೀಮೆಯಲ್ಲಿದ್ದಾರೆಂದು ದೂರದ ಗುಮಾಸ್ತನಿಗೆ ತಿಳಿದಿರಬೇಕಾಗಿಲ್ಲ. ಹಾಗೆಂದು ದಾಖಲೆ ತಪ್ಪೆಂದು ಸಾಬೀತಾಗುವುದೂ ಇಲ್ಲ. ಜ್ವರ ಹಬ್ಬಿದ ಶಿಬಿರದಲ್ಲಿ ನಿಜಕ್ಕೂ ಸುಟ್ಟಿರಬಹುದು.

ಮಾಜಿ ಸೈನಿಕರ ಸಭೆಗಳಿಗೆ ಹೋದಲ್ಲೆಲ್ಲ ಹೇಸರಗತ್ತೆ ದಳದವರನ್ನು ವಿಚಾರಿಸತೊಡಗಿದೆ. ಟಿ. ನರಸೀಪುರದಲ್ಲಿ ಒಬ್ಬ ನಿವೃತ್ತ ಸುಬೇದಾರರು ಆ ದಳದಲ್ಲಿದ್ದ ಮಾದಯ್ಯ ಎಂಬವರ ಹೆಸರು ಹೇಳಿದರು. ಮಾದಯ್ಯ ತೀರಿಕೊಂಡು ಬಹಳ ಕಾಲವಾಗಿತ್ತು. ಮೊಮ್ಮಗ ಸಿದ್ದರಾಜು ಬಸ್ ಕಂಡಕ್ಟರ್. ನಡುಮನೆಯ ಬುದ್ಧನ ಪಟದ ಕೆಳಗೆ ನನ್ನನ್ನು ಕೂರಿಸಿ ಕಾಫಿ ಕೊಟ್ಟರು.

“ನಮ್ ತಾತ ಒಂಚೂರು ಏರಿಸ್ಕಂಡ್ರೆ ಅದೊಂದೇ ಕತೆ ಸಾ. ‘ಉದ್ದುಕ್ ತೋಡ್‌ಬ್ಯಾಡ್ರಲಾ, ಇವ ಮಲಗೋನಲ್ಲ, ಬಾವಿ ತರ ತೋಡಿ’ ಅಂತ ಉತ್ತರದ ಕಡೆಯೋರ ಜೊತೆ ಜಗಳಕ್ಕೆ ಬಿದ್ದನಂತೆ. ಅವ್ರಿಗೆ ಕನ್ನಡ ಬರಲ್ಲ, ಇವ್ನಿಗೆ ಹಿಂದಿ ಬರಲ್ಲ. ಕೊನೆಗೆ ತಾನೇ ತೋಡಿ, ತಾನೇ ಒಳಕ್ಕಿಳಿದು ಚಕ್ಕಳಮಕ್ಕಳ ಹಾಕ್ಕೊಂಡು ಕೂತು ತೋರಿಸಿದನಂತೆ!”

ಇಬ್ಬರೂ ನಕ್ಕೆವು. “ಸತ್ತವರ ಹೆಸರು?” ಎಂದೆ.

“ಹುಲ್ಲಳ್ಳಿಯೋನು ಅಂತಿದ್ದ ಸಾ. ಹೆಸರು ಅಂದಿದ್ನೋ ಏನೋ.”

ನನ್ನ ಟಿಪ್ಪಣಿಯಲ್ಲಿ ಈ ಉತ್ತರಗಳಿವೆ, ನಾನು ಕೇಳಿದ ಪ್ರಶ್ನೆಗಳಿಲ್ಲ. “ಕೂರಿಸಿದರಂತೆಯೇ?” ಎಂದು ನಾನೇ ಮೊದಲು ಕೇಳಿದ್ದರೆ ಈ ಸಾಕ್ಷ್ಯದ ತೂಕವೇ ಬೇರೆ.

ಸಿದ್ದರಾಜು ರಜೆ ಹಾಕಿ ಹುಲ್ಲಹಳ್ಳಿಗೆ ಬಂದರು. ಗೌರಮ್ಮ ಜಗುಲಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಕತೆಯನ್ನೆಲ್ಲ ಕೇಳಿ, ಒಂದೇ ಪ್ರಶ್ನೆ ಹಾಕಿದರು: “ಲಿಂಗ ಯಾವ ಕೈಲಿತ್ತಂತೆ?”

“ಎಡಗೈಲಿ ಕಣವ್ವ. ಮುಟ್ಟಕ್ಕೆ ಎದೆ ನಡುಗ್ತಂತೆ ತಾತಂಗೆ. ಆಮೇಲೆ, ಇಲ್ಲಿ ನೋಡೋರು ಯಾರವ್ರೆ ಅಂತ ತಾನೇ ಎತ್ತಿ ಮಡಗಿದ್ನಂತೆ.”

ಗೌರಮ್ಮ ಕಣ್ಣೊರೆಸಿಕೊಂಡರು. ಮಾದಯ್ಯನವರ ಕಾಲದಲ್ಲಿ ಅವರ ಕೇರಿಯವರು ಆ ಜಗುಲಿ ಹತ್ತುವಂತಿರಲಿಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಹೇಳಿಕೆಗಳನ್ನು ಲಗತ್ತಿಸಿ ಮತ್ತೆ ಬರೆದೆ. ಮೊಮ್ಮಗ ಕೇಳಿದ ಕತೆಯ ಆಧಾರದಲ್ಲಿ ದಾಖಲೆ ಬದಲಿಸಲಾಗದು, ಸಮಾಧಿಯ ಗುರುತೂ ಇಲ್ಲ ಎಂದು ಉತ್ತರ ಬಂತು. ಅವರ ಕುರ್ಚಿಯಲ್ಲಿದ್ದರೆ ನಾನೂ ಹಾಗೆಯೇ ಬರೆಯುತ್ತಿದ್ದೆ.

ಇದನ್ನು ತಿಳಿಸಲು ಹೋದಾಗ ಸಿದ್ದರಾಜುವೂ ಜೊತೆಗಿದ್ದರು. ಗೌರಮ್ಮ ನನ್ನ ಕಡೆ ನೋಡಲೇ ಇಲ್ಲ.

“ನಮ್ಮಪ್ಪ ಎಲ್ಲವ್ನೆ ಅಂತ ಗೊತ್ತಾಗ್ನಿಲ್ಲ. ನಿಮ್ ತಾತ ಎಲ್ಲವ್ನೆ ಗೊತ್ತಲ್ಲ ಮಗ? ಅಲ್ಲೀದೇ ಒಂದ್ ಬೊಗಸೆ ತತ್ತಾ.”

ಸಿದ್ದರಾಜು ಗಾಬರಿಯಾದರು. “ಅವ್ವಾ, ನಮ್ ತಾತ ಮಲಗವ್ನೆ, ಕೂತಿಲ್ಲ!”

“ಮಲಗ್ಲಿ ಬುಡು. ನಮ್ಮಪ್ಪನ್ನ ಕೂರ್ಸಿ ದಣಿದವ್ನೆ.”

ದಾಯಾದಿಗಳು ಗೊಣಗಿದರು. ಗೌರಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಸೋಮವಾರ ಸಿದ್ದರಾಜು ಊಟದ ಡಬ್ಬಿಯಲ್ಲಿ ಮಣ್ಣು ತಂದರು. ತಾಯಿಯ ಪಕ್ಕದ ಜಾಗದಲ್ಲಿ ಅಗಲವಿಲ್ಲದ, ಆಳವಾದ ಗುಂಡಿ ತೋಡಿಸಿ, ಗೌರಮ್ಮ ತಾವೇ ಬಗ್ಗಿ ಆ ಮಣ್ಣನ್ನು ಸುರಿದರು. ಮೇಲೆ ವಿಭೂತಿ, ಬಿಲ್ವಪತ್ರೆ. ಮಣ್ಣು ಮುಚ್ಚುವಾಗ ಸಿದ್ದರಾಜುವಿನ ಕೈಗೂ ಗುದ್ದಲಿ ಕೊಟ್ಟರು.

ಆ ಪ್ರಕರಣದ ನಂತರ, ಯಾರ ಹೇಳಿಕೆ ಪಡೆದರೂ ಅವರ ಉತ್ತರಕ್ಕಿಂತ ಮೊದಲು ನನ್ನ ಪ್ರಶ್ನೆಯನ್ನು ಬರೆದುಕೊಳ್ಳುವುದನ್ನು ಕಲಿತೆ. ಆ ಎರಡೂ ಮನೆಗಳಿಗೆ ಇದರಿಂದ ಉಪಯೋಗವೇನೂ ಆಗಲಿಲ್ಲ. ಸಿದ್ದರಾಜು ಈಗಲೂ ವರ್ಷಕ್ಕೊಮ್ಮೆ ಹುಲ್ಲಹಳ್ಳಿಗೆ ಹೋಗಿ ಊಟ ಮಾಡಿ ಬರುತ್ತಾರೆ.

ಶಿವನಂಜಪ್ಪನವರನ್ನು ಸುಟ್ಟರೋ ಹೂಳಿದರೋ ನನಗೆ ಗೊತ್ತಿಲ್ಲ. ಮಾದಯ್ಯ ಕೂರಿಸಿದ್ದು ಅವರನ್ನೋ, ಅದೇ ಕಡೆಯ ಇನ್ನೊಬ್ಬರನ್ನೋ, ಅದೂ ಗೊತ್ತಿಲ್ಲ.