ಶಾಂತಾಳ ಅಂಗಳದಲ್ಲಿ ಒಣಗಿದ ಬಿಳಿ ಸೀರೆ

“ಫೋಟೋದಾಗ ನೀ ಹಿಂದ ನಿಂದ್ರವ್ವಾ ಶಾಂತಾ. ಬಿಳಿ ಸೀರಿ ಉಟ್ಕೊಂಡ್ ಬರ್ರಿ ಅಂದ್ರ ಮಾಸಿದ್ದು ಉಟ್ಕೊಂಡ್ ಬಂದೀಯಲ್ಲ,” ಎಂದರು ನಮ್ಮ ಕಾನ್ವೆಂಟ್ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಸಂಘದ ಅಧ್ಯಕ್ಷೆ.

ಅಂದು ಕೊಪ್ಪಳದಲ್ಲಿ ಸಂಘದ ಸಸಿ ನೆಡುವ ಕಾರ್ಯಕ್ರಮ. ಶಾಲೆಯ ಬಿಳಿ ಸಮವಸ್ತ್ರದ ನೆನಪಿಗೆ ಎಲ್ಲರೂ ಬಿಳಿ ಸೀರೆ ಉಡಬೇಕೆಂದು ಅಪ್ಪಣೆಯಾಗಿತ್ತು. ನನ್ನ ಸಹಪಾಠಿ ಶಾಂತಾ ಇರುವುದು ಕಬ್ಬಿಣದ ಕಾರ್ಖಾನೆಯ ಪಕ್ಕದ ಹಳ್ಳಿಯಲ್ಲಿ. ಅವಳ ಸೀರೆಗೆ ನೀಟಾಗಿ ಇಸ್ತ್ರಿಯಾಗಿತ್ತು, ಸೆರಗಿಗೆ ಪಿನ್ನೂ ಇತ್ತು. ಬಣ್ಣ ಮಾತ್ರ ಒಲೆಯ ಬೂದಿಯದು.

“ನಿನ್ನೆನ ಒಗದೀನ್ರಿ ಅಕ್ಕಾರ. ನಮ್ಮ ಅಂಗಳದಾಗ ಒಣಗಿದ ಬಿಳಿ ಹಿಂಗ ಇರತೈತಿ,” ಎಂದಳು ಶಾಂತಾ. “ಆ ಕಾರ್ಖಾನಿ ಹೊಗಿ ಬಗ್ಗೆ ಇವತ್ತು ಒಂದ್ ಮಾತು ಆಡ್ರಿ. ನನ್ನ ಮೊಮ್ಮಗಳ ಕೆಮ್ಮು ನಿಂತಿಲ್ಲ.”

“ಸಸಿ ಕೊಟ್ಟವ್ರ ಕಾರ್ಖಾನಿಯವರು. ಅವರ ಮುಂದ ಅದೆಲ್ಲಾ ಬ್ಯಾಡವ್ವಾ,” ಎಂದರು ಅಧ್ಯಕ್ಷೆ.

ಮುಖ್ಯ ಅತಿಥಿ ಅದೇ ಕಾರ್ಖಾನೆಯ ಸಾಹೇಬರು. ಹಸಿರು ನಾಳೆಯ ಬಗ್ಗೆ ಅವರು ಭಾಷಣ ಮಾಡಿದರು. ನಮ್ಮವರು ಬಳೆ ಸದ್ದಾಗುವಂತೆ ಚಪ್ಪಾಳೆ ತಟ್ಟಿದರು. ಸಸಿ ನೆಡಲು ಮಾತ್ರ ಯಾರೂ ಬಗ್ಗಲಿಲ್ಲ, ಸೀರೆಗೆ ಮಣ್ಣಾದೀತಲ್ಲ. ಮಾಲಿ ನೆಟ್ಟ ಸಸಿಗೆ ಒಂದೊಂದು ಬೆರಳು ತಾಗಿಸಿ ಕ್ಯಾಮೆರಾ ನೋಡಿ ನಕ್ಕರು. ನಾನು ಹಿಂದೆ ಹೋಗಿ ಶಾಂತಾಳ ಪಕ್ಕ ನಿಂತೆ. ಹೊಗೆಯ ಮಾತು ಕೊನೆಯವರೆಗೂ ಬರಲಿಲ್ಲ.

ಮುಂದಿನ ಕಾರ್ಯಕ್ರಮ ಶಾಂತಾಳ ಅಂಗಳದಲ್ಲೇ ಆಗಲಿ, ಅಲ್ಲೇ ಒಗೆದು ಒಣಗಿಸಿದ ಬಿಳಿ ಸೀರೆ ಉಡೋಣ ಎಂದು ಮನೆಗೆ ಬಂದು ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆದೆ. ಎಲ್ಲರೂ ಓದಿದ ನೀಲಿ ಗುರುತು ಕಾಣಿಸಿತು. ಮರುದಿನ ಬೆಳಿಗ್ಗೆ ಅಧ್ಯಕ್ಷೆಯಿಂದ ಗುಲಾಬಿ ಹೂವಿನ ಚಿತ್ರ ಬಂತು, ಕೆಳಗೆ ‘ಶುಭೋದಯ’ ಎಂದಿತ್ತು.