ಒಂಬತ್ತು ಕಿಲೋ ಸೈಕಲ್, ತೊಂಬತ್ತಾರು ಕಿಲೋ ಸಕ್ರಪ್ಪ

ಲಕ್ಷ್ಮೇಶ್ವರದ ಕಾಳಿನ ಪೇಟೆಯಲ್ಲಿ ಸಕ್ರಪ್ಪ ಇಪ್ಪತ್ತೇಳು ವರ್ಷದಿಂದ ತೂಕ ಮಾಡುತ್ತಿದ್ದಾನೆ. ಅವನು ನನ್ನ ಅಕ್ಕ ಬನಶಂಕರಿಯ ಗಂಡ. ವಯಸ್ಸಿನಲ್ಲಿ ನನಗಿಂತ ಎರಡೇ ವರ್ಷ ದೊಡ್ಡವನು, ಅದಕ್ಕೇ ಈ ಏಕವಚನ. ಅಕ್ಕನ ಗಂಡನನ್ನು ಕಾಡಿಸುವುದು ನಮ್ಮ ಬೆಟಗೇರಿಯ ನೇಕಾರ ಓಣಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು. ಆ ಹಕ್ಕನ್ನು ನಾನು ಇವತ್ತಿನವರೆಗೂ ಬಿಟ್ಟುಕೊಟ್ಟಿಲ್ಲ.

ಚೀಲವೊಂದು ಗಾಡಿಯಿಂದ ಕೆಳಗಿಳಿದರೆ ಸಾಕು, ಸಕ್ರಪ್ಪ ಕಣ್ಣಳತೆಯಲ್ಲೇ ತೂಕ ಹೇಳಿಬಿಡುತ್ತಾನೆ. ಅರ್ಧ ಕಿಲೋ ಆಚೀಚೆ ಆದರೆ ಹೆಚ್ಚು. ಮದುವೆಮನೆಯಲ್ಲಿ ಕೂತರೆ ಬೀಗರನ್ನೂ ಬಿಡುವುದಿಲ್ಲ, ಒಬ್ಬೊಬ್ಬರನ್ನೇ ನೋಡಿ ಪಕ್ಕದವರ ಕಿವಿಯಲ್ಲಿ ಅಂಕಿ ಊದುತ್ತಾನೆ. ನನ್ನ ಅಕ್ಷತೆಯ ಹೊತ್ತಿನಲ್ಲಿ ನನ್ನ ಹೆಂಡತಿಯ ತೂಕವನ್ನು ನನಗೇ ಹೇಳಿದ ಪುಣ್ಯಾತ್ಮ ಅವನು. ಊರವರನ್ನೆಲ್ಲ ತೂಗಿದವನು ತನ್ನನ್ನು ಮಾತ್ರ ಒಮ್ಮೆಯೂ ತೂಗಿಕೊಂಡಿರಲಿಲ್ಲ.

ಪೇಟೆಯಲ್ಲಿ ಅವನಿಗೆ ಹೆಸರು ಬಂದದ್ದು ಮಾಳವ್ವನಿಂದ. ಹಿಂದೆ ಅಲ್ಲಿ ಒಂದು ರೂಢಿ ಇತ್ತು: ಕಾಳು ಎಷ್ಟೇ ಇರಲಿ, ಚೀಲದ ತೂಕವೆಂದು ಒಂದು ಕಿಲೋ ಮುರಿದುಕೊಳ್ಳುವುದು. ಕ್ವಿಂಟಲ್‌ಗಟ್ಟಲೆ ಜೋಳ ತಂದವರಿಗೆ ಅದು ಗೊತ್ತಾಗುತ್ತಲೇ ಇರಲಿಲ್ಲ. ಡಂಬಳದ ಕಡೆಯ ಮಾಳವ್ವ ಎಂಬ ಮುದುಕಿ ಒಂದು ಸಲ ಹನ್ನೆರಡು ಕಿಲೋ ಹೆಸರುಕಾಳನ್ನು ಸಣ್ಣ ಗಂಟಿನಲ್ಲಿ ಕಟ್ಟಿಕೊಂಡು ಬಂದಳು. ವ್ಯಾಪಾರಿ ಅವಳ ಗಂಟಿಗೂ ಒಂದು ಕಿಲೋ ಮುರಿದ. ಸಕ್ರಪ್ಪ ತೂಕದ ಕಾಟಾದ ಮೇಲೆ ಒಂದು ಕಾಲಿಟ್ಟು ನಿಂತು ತೂಕ ನಿಲ್ಲಿಸಿದ. ನೂರರಲ್ಲಿ ಒಂದು ಹೋದರೆ ಅದು ರೂಢಿ, ಹನ್ನೆರಡರಲ್ಲಿ ಒಂದು ಹೋದರೆ ಅದು ಕಳವು ಎಂದು ಇಡೀ ಪೇಟೆಗೆ ಕೇಳುವಂತೆ ಹೇಳಿದ. ಗಂಟು ಬಿಚ್ಚಿಸಿ, ಕಾಳು ಸುರುವಿಸಿ, ಬರಿಯ ಬಟ್ಟೆಯನ್ನು ತೂಗಿಸಿದ. ಅವತ್ತಿನಿಂದ ಸಣ್ಣ ಗಂಟುಗಳಿಗೆ ರೂಢಿ ತಪ್ಪಿತು. ಈ ಕಥೆಯನ್ನು ಅವನ ಮಗಳು ಅಂಕಿತಾ ತೊಟ್ಟಿಲಿನಿಂದಲೂ ಕೇಳಿದ್ದಾಳೆ, ವಾರಕ್ಕೆ ಎರಡು ಸಲದಂತೆ.

ಅಂಕಿತಾಗೆ ಹದಿನೇಳು ವರ್ಷ. ಶಾಲೆಯ ದಿನದಿಂದಲೂ ಸೈಕಲ್ ಪಂದ್ಯಗಳಲ್ಲಿ ಓಡಿದವಳು. ಜಿಲ್ಲಾ ತಂಡದ ಆಯ್ಕೆ ಗದಗಿನಲ್ಲಿ ನಡೆಯುವುದಿತ್ತು, ಮೂವರನ್ನು ಮಾತ್ರ ಆರಿಸುತ್ತಾರೆ. ಮನೆಯಲ್ಲಿದ್ದದ್ದು ಇಪ್ಪತ್ತೊಂದು ಕಿಲೋದ ಹಳೆಯ ಕಬ್ಬಿಣದ ಸೈಕಲ್. ಅದನ್ನು ತುಳಿದು ತಂಡಕ್ಕೆ ಸೇರುವುದು ಆಗದ ಮಾತು ಎಂದು ತಿಳಿದ ಸಕ್ರಪ್ಪ, ಗದಗಿನ ಹಾಸ್ಟೆಲ್ ಹುಡುಗನೊಬ್ಬನಿಂದ ಪಂದ್ಯದ ಸೈಕಲ್ಲೊಂದನ್ನು ಕೊಂಡು ತಂದ. ಬೆರಳಿನಷ್ಟು ದಪ್ಪದ ಗಾಲಿ, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್, ಒಂದೇ ಕೈಯಲ್ಲಿ ಎತ್ತಬಹುದಾದ ಮೈ. ಇಲ್ಲಿಯವರೆಗೆ ಅವನಂಥ ತಂದೆ ಇನ್ನೊಬ್ಬನಿರಲಿಲ್ಲ.

ಸರಿ ಇದೆಯೋ ಇಲ್ಲವೋ ನೋಡೋಣ ಎಂದು ಅವನು ಒಮ್ಮೆ ಏರಿದ. ಏರಿದವನು ಇಳಿಯಲೇ ಇಲ್ಲ.

ಎತ್ತರದಲ್ಲಿ ಅಪ್ಪ ಮಗಳು ಇಬ್ಬರೂ ಒಂದೇ, ಅದೇ ಕೇಡಾಯಿತು. ದಿನಾ ಬೆಳಿಗ್ಗೆ ಶಿರಹಟ್ಟಿ ರಸ್ತೆಗೆ ಅವನ ಸವಾರಿ. ಕೇಳಿದರೆ ಸೈಕಲ್ಲನ್ನು ಮಗಳಿಗಾಗಿ ಹದ ಮಾಡುತ್ತಿದ್ದೇನೆ ಎನ್ನುತ್ತಿದ್ದ. ಹದ ಮಾಡಲು ಅದೇನು ಎಳೆಗರುವೇ? ಒಂದು ವಾರ ಹೋಯಿತು, ಮೂರು ವಾರ ಹೋಯಿತು. ಅಂಕಿತಾ ಕಬ್ಬಿಣದ ಸೈಕಲ್ಲಿನಲ್ಲೇ ಅಭ್ಯಾಸ ಮಾಡುತ್ತಿದ್ದಳು. ಅಪ್ಪನ ಮುಖದಲ್ಲಿ ಇಷ್ಟು ಖುಷಿ ನೋಡಿ ಎಷ್ಟು ವರ್ಷವಾಯಿತೋ, ಇನ್ನೆರಡು ದಿನ ಇರಲಿ ಎಂದಳಂತೆ ಅಕ್ಕನ ಹತ್ತಿರ. ನನಗೆ ಮಾತ್ರ ಮೈ ಉರಿಯಿತು. ಅವಳ ಒಳ್ಳೆಯತನಕ್ಕೆ ಅವಳ ಕಾಲೇ ಬಲಿಯಾಗುತ್ತಿತ್ತು.

ಅಷ್ಟರಲ್ಲಿ ಸಕ್ರಪ್ಪನಿಗೆ ಹೊಸ ಹುಚ್ಚು ಹಿಡಿಯಿತು. ಚೀಲದ ತೂಕದ ಮೇಲೆ ಜನ್ಮ ಸವೆಸಿದವನಿಗೆ ಸೈಕಲ್ಲೂ ಒಂದು ಚೀಲವಾಗಿಯೇ ಕಂಡಿತು. ಗಂಟೆ ಬಿಚ್ಚಿದ. ಸ್ಟ್ಯಾಂಡ್ ಬಿಚ್ಚಿದ. ಹಿಂದಿನ ಕೆಂಪು ಬಿಲ್ಲೆ ಬಿಚ್ಚಿದ. ಸೀಟಿನ ಮೇಲಿನ ಮೆತ್ತನೆಯ ಹೊದಿಕೆ ಕಿತ್ತು, ಅದರ ಫಲವನ್ನು ನಿಂತು ನಿಂತು ಅನುಭವಿಸಿದ. ಬಿಚ್ಚಿದ್ದನ್ನೆಲ್ಲ ಮೆಂತ್ಯ ತೂಗುವ ಸಣ್ಣ ತಕ್ಕಡಿಯಲ್ಲಿ ತೂಗಿ, ಅರ್ಧ ಕಿಲೋ ಇಳಿಸಿದೆ ಎಂದು ನನಗೆ ಫೋನು ಮಾಡಿದ. ಆ ಹೊತ್ತಿಗೆ ಅವನ ಬಾಯಲ್ಲಿ ಮಿರ್ಚಿ ಭಜಿ ಇತ್ತು ಎಂಬುದು ಫೋನಿನಲ್ಲೇ ತಿಳಿಯುತ್ತಿತ್ತು.

ಒಂದು ಭಾನುವಾರ ನಾನು ಬೇಕೆಂದೇ ಬೈಕಿನಲ್ಲಿ ಅವನ ಹಿಂದೆ ಹೋದೆ. ಶಿರಹಟ್ಟಿಯ ಈಚೆಗೆ ಒಂದು ಏರು ಬರುತ್ತದೆ. ಏರಿನ ಬುಡದಲ್ಲಿ ಸಕ್ರಪ್ಪ ಇಳಿದ, ಸೈಕಲ್ಲಿಗೆ ಸಿಗಿಸಿದ್ದ ಲೀಟರ್ ಬಾಟಲಿ ತೆಗೆದ, ನಿಂತ ನಿಲುವಿನಲ್ಲೇ ಗಟಗಟ ಕುಡಿದು ಖಾಲಿ ಮಾಡಿದ. ಚೀಲದ ಹೊರಗೆ ಬಿದ್ದದ್ದನ್ನು ಪೇಟೆಯಲ್ಲಿ ಯಾರೂ ತೂಗುವುದಿಲ್ಲವಲ್ಲ, ಅದೇ ಧೈರ್ಯ. ಸೈಕಲ್ ಒಂದು ಕಿಲೋ ಇಳಿಯಿತು ಎಂದು ನನಗೆ ಸಾರಿದ. ಆ ಕಿಲೋ ಈಗ ಎಲ್ಲಿದೆ ಎಂದು ಕೇಳಿದೆ. ಅವನು ನನ್ನನ್ನು ತಿಳಿಗೇಡಿಯನ್ನು ನೋಡುವಂತೆ ನೋಡಿ, ಎರಡು ಬಾಳೆಹಣ್ಣಿನ ಭಾರವನ್ನೂ ಅದೇ ರೀತಿ ಇಳಿಸಿದ. ಆಮೇಲೆ ಏರಿನ ಅರ್ಧಕ್ಕೇ ಸೈಕಲ್ ನೂಕಿಕೊಂಡು ನಡೆದ.

ಅಲ್ಲೇ ರಸ್ತೆಯ ಮೇಲೆ ನಾನು ಜಗಳ ತೆಗೆದೆ. ಆಯ್ಕೆಗೆ ಹದಿನೈದೇ ದಿನ ಉಳಿದಿತ್ತು. ಇವನ ಹತ್ತಿರ ಉತ್ತರ ಸಿದ್ಧವಿತ್ತು.

“ಭಾರ ಇದ್ದಾಂವಗ ಹಗುರ ಸೈಕಲ್ ಬೇಕಲೇ ಮನೋಹರಾ. ಆಕಿ ಮೊದಲ ಹಗುರ ಅದಾಳ. ಆಕಿಗೆ ಯಾವದಾದರೂ ನಡೀತೈತಿ.”

ಮಾತು ಕೇಳಲು ನಯವಾಗಿತ್ತು, ನಾನು ಬೈಕು ತಿರುಗಿಸಿದೆ. ಮರುದಿನ ಪೇಟೆಯಲ್ಲಿ ಅವನು ಇದನ್ನೇ ಹೇಳಿದಾಗ ಹಮಾಲರೆಲ್ಲ ಹೌದೆಂದು ತಲೆಯಾಡಿಸಿದರಂತೆ. ಒಬ್ಬ ಮರ್ದಾನಸಾಬ ಮಾತ್ರ ಆಡಿಸಲಿಲ್ಲ. ಅವನು ಸಕ್ರಪ್ಪನ ಕಾಟಾಕ್ಕೆ ಚೀಲ ಹೊರುವವನು, ಮಾತು ಕಡಿಮೆ. ಪೇಟೆಯಲ್ಲಿ ತೂಗದೆ ಯಾವುದನ್ನೂ ನಂಬುವ ಪದ್ಧತಿ ಇಲ್ಲ, ಇದನ್ನೂ ತೂಗಿಯೇ ನೋಡೋಣ ಎಂದ. ಸಕ್ರಪ್ಪ ಹಿಗ್ಗಿನಿಂದ ಒಪ್ಪಿದ. ಸೈಕಲ್ಲನ್ನು ಎಷ್ಟು ಇಳಿಸಿದ್ದೇನೆ ಎಂದು ನಾಲ್ಕು ಜನರಿಗೆ ತೋರಿಸಲು ಅವನೇ ಹಾತೊರೆಯುತ್ತಿದ್ದ.

ಬುಧವಾರ ಮಧ್ಯಾಹ್ನ, ವ್ಯಾಪಾರ ಮುಗಿದ ಮೇಲೆ, ನಾನು ಅಂಕಿತಾಳನ್ನು ಕರೆದುಕೊಂಡು ಹೋದೆ. ಅವಳು ಕಬ್ಬಿಣದ ಸೈಕಲ್ ತಂದಿದ್ದಳು. ಮೊದಲು ಅಪ್ಪನ ಸೈಕಲ್ ಕಾಟಾ ಏರಿತು. ಒಂಬತ್ತು ಕಿಲೋ, ಚೊಕ್ಕ. ಹಮಾಲರು ಚಪ್ಪಾಳೆ ತಟ್ಟಿದರು, ಸಕ್ರಪ್ಪ ಮೀಸೆಗೆ ಕೈ ಹಾಕಿದ. ಕಬ್ಬಿಣದ್ದು ಇಪ್ಪತ್ತೊಂದು.

“ಚೀಲ ಆತು,” ಎಂದ ಮರ್ದಾನಸಾಬ. “ಈಗ ಕಾಳು ಹತ್ತಲಿ.”

ಸಕ್ರಪ್ಪ ತನ್ನನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡಿಕೊಂಡು, ಹೊಟ್ಟೆ ಅಡ್ಡ ಬಾರದೆ ಕಂಡಷ್ಟನ್ನೇ ಲೆಕ್ಕ ಹಿಡಿದು, ಎಪ್ಪತ್ತೆಂಟು ಎಂದು ಘೋಷಿಸಿ ಹತ್ತಿದ. ಕಾಟಾ ತೊಂಬತ್ತಾರು ಎಂದಿತು. ಇಳಿದ, ಸೊನ್ನೆ ಸರಿಯಿದೆಯೇ ನೋಡಿದ, ಚಪ್ಪಲಿ ಬಿಟ್ಟು ಹತ್ತಿದ. ತೊಂಬತ್ತಾರು. ಕಿಸೆಯ ಎಲೆಯಡಿಕೆ ಚೀಲ ಮರ್ದಾನಸಾಬನ ಕೈಗೆ ಕೊಟ್ಟು ಹತ್ತಿದ. ತೊಂಬತ್ತಾರೇ. ಇಪ್ಪತ್ತೇಳು ವರ್ಷದಲ್ಲಿ ಕಾಟಾ ಅವನ ಕಣ್ಣಿಗೆ ಎದುರಾಡಿದ್ದು ಅದೇ ಮೊದಲು. ನಾನು ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಸುಳ್ಳು ಯಾಕೆ ಹೇಳಲಿ.

ಅಂಕಿತಾ ಹತ್ತಿದಳು. ನಲವತ್ತೆಂಟು. ಅವಳು ಇಳಿಯಲಿಲ್ಲ, ಅಲ್ಲೇ ನಿಂತು ಅಪ್ಪನನ್ನು ನೋಡಿದಳು.

“ಅಪ್ಪಾ, ಕಬ್ಬಿಣದ ಸೈಕಲ್ಲಿನ್ಯಾಗ ಹನ್ನೆರಡ ಕಿಲೋ ಹೆಚ್ಚಿಗಿ ಐತಿ. ಅದನ್ನ ನೀ ಹೊತ್ರ ನೂರಾ ಐದ ಇದ್ದದ್ದು ನೂರಾ ಹದಿನೇಳ ಆಕ್ಕೈತಿ. ನಾ ಹೊತ್ರ ಐವತ್ತೇಳ ಇದ್ದದ್ದು ಅರವತ್ತೊಂಬತ್ತ. ನಿಂದು ಜ್ವಾಳದ ಚೀಲ. ನಂದು ಮಾಳವ್ವನ ಗಂಟು. ಹನ್ನೆರಡ ಕಿಲೋ ಯಾರಿಗೆ ಬಾಳ, ನೀನ ಹೇಳು.”

ಸಕ್ರಪ್ಪ ಎರಡೂ ಸೈಕಲ್ ನೋಡಿದ, ಮಗಳನ್ನು ನೋಡಿದ. ಅವನು ಲೆಕ್ಕ ಹಾಕುತ್ತಿರಲಿಲ್ಲ, ಆ ಲೆಕ್ಕವನ್ನು ಅವನು ಮಾಳವ್ವನ ಕಾಲದಲ್ಲೇ ಹಾಕಿ ಮುಗಿಸಿದ್ದ. ಮೂರು ವಾರ ಯಾರ ಗಂಟಿನಿಂದ ಮುರಿದುಕೊಂಡೆ ಎಂಬುದು ಈಗ ಕಂಡಿತ್ತು. ಮುಖ ಸಣ್ಣದಾಯಿತು. ನಗುತ್ತಿದ್ದ ನನಗೂ ನಾಚಿಕೆಯಾಯಿತು.

“ಚೀಲ ಬದಲ ಮಾಡ್ರಿ,” ಎಂದ ಸಕ್ರಪ್ಪ. ಕಾಟಾದ ಬಳಿ ದಿನಕ್ಕೆ ನೂರು ಸಲ ಕೂಗುವ ಮಾತು ಅದು, ಆವತ್ತು ಮೆಲ್ಲಗೆ ಹೇಳಿದ. ಹೆಗಲ ಮೇಲಿನ ವಸ್ತ್ರದಿಂದ ಸೀಟು ಒರೆಸಿ, ಸೈಕಲ್ಲನ್ನು ಮಗಳ ಕೈಗೆ ಕೊಟ್ಟ. ತಾನು ಕಬ್ಬಿಣದ್ದನ್ನು ಏರಿ ಮನೆಯ ದಾರಿ ಹಿಡಿದ. ಅದು ಪಾಪ ದಾರಿಯುದ್ದಕ್ಕೂ ಕಿರುಗುಟ್ಟಿತು.

ಗದಗಿನ ಆಯ್ಕೆಗೆ ನಾವೆಲ್ಲ ಹೋಗಿದ್ದೆವು. ಮುಂಡರಗಿ ರಸ್ತೆಯಲ್ಲಿ ಓಟ. ಹುಡುಗಿಯರು ಸಾಲಾಗಿ ನಿಂತಿದ್ದರು. ಅಕ್ಕ ಬೆಳಿಗ್ಗೆ ಅಂಕಿತಾಳ ಅಂಗಿಯ ಬೆನ್ನಿನ ಕಿಸೆಯಲ್ಲಿ ಮೂರು ಶೇಂಗಾ ಚಿಕ್ಕಿ ತುಂಬಿದ್ದಳು. ಸೀಟಿ ಊದಲು ಇನ್ನೊಂದೇ ನಿಮಿಷ ಎನ್ನುವಾಗ ಸಕ್ರಪ್ಪ ಹಗ್ಗ ದಾಟಿ ಓಡಿಹೋದ, ಮಗಳ ಕಿಸೆಗೆ ಕೈ ಹಾಕಿ ಮೂರೂ ಚಿಕ್ಕಿಗಳನ್ನು ತೆಗೆದ, ಅಲ್ಲೇ ನಿಂತು ಒಂದೊಂದಾಗಿ ತಿಂದುಬಿಟ್ಟ.

“ಆ ಭಾರ ನನ್ನ ಕಡೆ ಇರಲಿ ಬಿಡು,” ಎಂದ, ಬಾಯಿ ತುಂಬಿಕೊಂಡೇ.

ಅಂಕಿತಾ ನಗುತ್ತಲೇ ಹೊರಟಳು. ಮೂರನೆಯವಳಾಗಿ ಬಂದಳು, ನಾಲ್ಕನೆಯವಳಿಗಿಂತ ಅರ್ಧ ಗಾಲಿ ಮುಂದೆ. ಆ ಅರ್ಧ ಗಾಲಿ ಮೂರು ಚಿಕ್ಕಿಯ ತೂಕದ್ದು ಎಂದು ಸಕ್ರಪ್ಪ ಪೇಟೆಯಲ್ಲಿ ಕಂಡಕಂಡವರಿಗೆ ಹೇಳುತ್ತಿದ್ದಾನೆ. ಉಳಿದ ಎಲ್ಲದಕ್ಕೂ ಅವನನ್ನು ಕಾಡಿಸುತ್ತೇನೆ. ಈ ಒಂದು ಮಾತಿಗೆ ಮಾತ್ರ ಹೌದೆಂದು ಸುಮ್ಮನಾಗುತ್ತೇನೆ.